ಐದನೇ ಕ್ಲಾಸಿನ ಇಳಿಜಾರು

ಹೋದ ವಾರ ಕೊಲ್ಲಮೊಗ್ರಿನ ಕಡೆಯವರೊಬ್ಬರು ಪುತ್ತೂರಿನ ಹತ್ತಿರದ ಸವಣೂರಿನಲ್ಲಿರುವ ನನ್ನ ಸೈಕಲ್ ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದಿದ್ದರು. ನಾನು ಟ್ಯೂಬಿಗೆ ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದೆ. ಬೇರೇನೋ ಮಾತಿನ ನಡುವೆ ಅವರು, "ನಿಮ್ಮೂರಿನ ಮಾಷ್ಟ್ರು ಒಬ್ಬರು ನಮ್ಮಲ್ಲಿ ತಮ್ಮನ ಮನೆಯಲ್ಲಿ ಇದ್ದರಲ್ಲ, ಅವರು ಹೋದರು ಮಾರಾಯ್ರೆ. ಊಟ ಮಾಡಿ ಚಾಪೆಯಲ್ಲಿ ಒರಗಿದವರು ಏಳಲೇ ಇಲ್ಲ" ಎಂದರು. ತೂತಿನಿಂದ ಗುಳ್ಳೆ ಬರುತ್ತಲೇ ಇತ್ತು. ನನಗೆ ನೀರಿನಿಂದ ಕೈ ತೆಗೆಯಲು ಆಗಲಿಲ್ಲ.

ಆ ಮಾಷ್ಟ್ರನ್ನು ಹೆಸರು ಹಿಡಿದು ಕರೆದವರು ಸವಣೂರಿನಲ್ಲಿ ಯಾರೂ ಇರಲಿಲ್ಲ. ನಾನೂ ಈಗ ಹಿಡಿಯುವುದಿಲ್ಲ. ನಮಗೆ ಮಾಷ್ಟ್ರು ಎಂದರೆ ಅವರೊಬ್ಬರೇ.

ಉದ್ದನೆಯ, ಗಾಳಿಗೆ ಬಾಗುವಂಥ ಆಳು. ಕಚ್ಚೆಪಂಚೆ, ಬಿಳಿ ಅಂಗಿ, ಅಂಗಿಯ ಕೊರಳಿಗೆ ಬೆನ್ನ ಮೇಲೆ ನೇತು ಹಾಕಿದ ಕೊಡೆ, ಕಿವಿಯ ಸಂದಿಯಲ್ಲಿ ಮರೆತು ಹೋದ ಒಂದು ತುಂಡು ಸೀಮೆಸುಣ್ಣ. ದಾರಿಯಲ್ಲಿ ಯಾರಾದರೂ "ನಮಸ್ಕಾರ ಮಾಷ್ಟ್ರೇ" ಎಂದರೆ ನಿಂತು, ಕೈಯಲ್ಲಿದ್ದುದನ್ನೆಲ್ಲ ನೆಲಕ್ಕಿಟ್ಟು, ಎರಡೂ ಕೈ ಜೋಡಿಸಿ, ತಲೆ ತಗ್ಗಿಸಿ ನಮಸ್ಕಾರ ಹೇಳುವರು. ಎದುರಿಗೆ ಪಟೇಲರಿರಲಿ, ಒಂದನೇ ಕ್ಲಾಸಿನ ಮೂಗು ಸುರಿಸುವ ಮಗುವಿರಲಿ, ನಮಸ್ಕಾರ ಒಂದೇ ಅಳತೆಯದ್ದು. ಒಮ್ಮೆ ಹಾಲಿನ ತಂಬಿಗೆಯನ್ನು ಮಣ್ಣಿನ ಮೇಲಿಟ್ಟು ಕೈಮುಗಿದರು. ತಲೆ ಎತ್ತುವಷ್ಟರಲ್ಲಿ ನಾಯಿ ತಂಬಿಗೆಗೆ ಬಾಯಿ ಹಾಕಿ ಆಗಿತ್ತು. ನನ್ನ ತಾಯಿ, ಉಮ್ಮ, ಬೇಲಿಯ ಆಚೆಯಿಂದ, "ನಾಯಿಗೂ ಒಂದು ನಮಸ್ಕಾರ ಹೇಳಿಬಿಡಿ ಮಾಷ್ಟ್ರೇ, ಪಾಪ, ಅದು ಬಾಲ ಅಲ್ಲಾಡಿಸಿದೆ" ಎಂದಳು. ಅವರು ಖಾಲಿ ತಂಬಿಗೆ ನೋಡಿ, "ಅದು ಮೊದಲೇ ತೆಗೆದುಕೊಂಡಾಯ್ತು" ಎಂದು ಮನೆಯ ಕಡೆ ನಡೆದರು.

ನನ್ನನ್ನು ಅವರು ಐದನೇ ಕ್ಲಾಸಿನಲ್ಲಿ ಫೇಲು ಮಾಡಿದ್ದರು. ಉಕ್ತಲೇಖನದಲ್ಲಿ ಮೂರು ಮಾರ್ಕು ಕಡಿಮೆ. ಮನೆಯಲ್ಲಿ ಅಜ್ಜನ ಬಾಯಿಂದ ಕಲಿತ ಮಾತು ನನ್ನ ನಾಲಗೆಯಲ್ಲಿ ಬೇಕಾದಷ್ಟಿತ್ತು, ಪೆನ್ಸಿಲಿಗೆ ಇಳಿಯುತ್ತಿರಲಿಲ್ಲ. ಉಮ್ಮ ಹೋಗಿ ಕೇಳಿದಳು. "ಮೂರು ಮಾರ್ಕು ಕೊಡಲಿಕ್ಕೆ ನನಗೆ ಎಂತ ಕಷ್ಟ ಇಲ್ಲ. ನಾನು ದಯೆ ತೋರಿಸಿದರೆ ಆರನೇ ಕ್ಲಾಸು ಇವನಿಗೆ ಹೊಡೀತದೆ" ಎಂದರಂತೆ. ನಾನು ಮತ್ತೆ ಶಾಲೆಗೆ ಹೋಗಲಿಲ್ಲ. ಪುತ್ತೂರಿನಲ್ಲಿ ಸೈಕಲ್ ರಿಪೇರಿ ಕಲಿತು ಬಂದು ಅಂಗಡಿ ಹಾಕಿದೆ. ಸಿಟ್ಟು ಇತ್ತು, ಸುಳ್ಳು ಯಾಕೆ ಹೇಳಲಿ. ಅವರ ನಮಸ್ಕಾರ ತಪ್ಪಿಸಲು ಅವರು ಬರುವ ಹೊತ್ತಿಗೆ ಚಕ್ರದ ಹಿಂದೆ ಕೂರುತ್ತಿದ್ದೆ.

ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮಕ್ಕಳಿಲ್ಲದ ಮನೆ. ಐವತ್ತರ ದಶಕದ ಕೊನೆಕೊನೆಗೆ, ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅಕ್ಕನಿಗೆ ವಾತ ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಪುತ್ತೂರಿನ ಡಾಕ್ಟರು ಬಂದು ನೋಡಿ, ಹೊಟ್ಟೆಗೆ ಹೊತ್ತು ಹೊತ್ತಿಗೆ ಬೀಳುತ್ತಿದ್ದರೆ ಜೀವ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು. ಕಷ್ಟ ಇದ್ದದ್ದು ಅಲ್ಲಿ. ಅಕ್ಕ ಗಂಡನ ಕೈಯಿಂದ ಮಾತ್ರ ಬಾಯಿ ತೆರೆಯುತ್ತಿದ್ದರು. ಬೇರೆ ಯಾರು ಚಮಚ ಹಿಡಿದರೂ ಹಲ್ಲು ಕಚ್ಚಿ ಬಿಡುವರು. ಪಕ್ಕದ ಮನೆಯ ನಮ್ಮ ಉಮ್ಮ ದಿನವಿಡೀ ಅವರ ಹತ್ತಿರ ಕೂತಿರುತ್ತಿದ್ದಳು. ಅದಕ್ಕೆ ಮೊದಲು ಅವಳು ಆ ಮನೆಯ ಜಗಲಿ ದಾಟಿದವಳಲ್ಲ. ಮಾಷ್ಟ್ರೇ ಕರೆದು ಒಳಗೆ ಕೂರಿಸಿದರು. ಯಾರೋ ಮಡಿಯ ಮಾತು ಎತ್ತಿದ್ದಕ್ಕೆ, "ಮಡಿ ಎಲ್ಲ ಎದ್ದು ಓಡಾಡುವವರಿಗೆ" ಎಂದು ಮುಗಿಸಿದರು. ಉಮ್ಮ ಬೀಸಣಿಗೆ ಬೀಸುವಳು, ಮಗ್ಗುಲು ಬದಲಿಸುವಳು, ಬಟ್ಟೆ ಬದಲಿಸುವಳು. ಗಂಜಿತಿಳಿ ಹಿಡಿದು ಗೋಗರೆಯುವಳು. ಮನೆಗೆ ಬಂದು ನನ್ನ ಹತ್ತಿರ, "ಬಾಯಿ ಬಿಡುದಿಲ್ಲ ಮೋನೇ, ನನ್ನ ಕೈ ನೋಡ್ತಾರೆ, ಬಾಗಿಲು ನೋಡ್ತಾರೆ" ಎಂದು ಕಣ್ಣೊರೆಸುವಳು.

ಶಾಲೆ ಊರಲ್ಲೇ ಇದ್ದಷ್ಟು ದಿನ ಮಾಷ್ಟ್ರು ಮಧ್ಯಾಹ್ನ ಓಡಿ ಬಂದು ಉಣ್ಣಿಸಿ ಓಡುತ್ತಿದ್ದರು. ಆ ವರ್ಷ ವರ್ಗದ ಕಾಗದ ಬಂತು. ಎಂಟು ಮೈಲಿ ಆಚೆ, ಗುಡ್ಡದ ಮೇಲಿನ ಒಂದು ಶಾಲೆ. ಒಬ್ಬರೇ ಮಾಷ್ಟ್ರಿರುವ ಶಾಲೆ ಅದು. ಇದ್ದವರು ಬಿಟ್ಟು ಹೋಗಿದ್ದರು. ಅರ್ಜಿ ಬರೆಯಿರಿ ಎಂದು ಎಲ್ಲರೂ ಹೇಳಿದರು. "ಬರೆದರೆ ನನ್ನ ಬದಲಿಗೆ ಯಾರನ್ನೋ ಕಳಿಸ್ತಾರೆ. ಅವರೂ ಅರ್ಜಿ ಬರೀತಾರೆ. ಆ ಮಕ್ಕಳಿಗೆ ಅರ್ಜಿಯ ಸುದ್ದಿ ಮಾತ್ರ ಸಿಗುದು" ಎಂದರು. ಬೆಳಿಗ್ಗೆ ಆರಕ್ಕೆ ಅಕ್ಕನಿಗೆ ಗಂಜಿ ಕುಡಿಸಿ ಗುಡ್ಡ ಹತ್ತಿದರೆ, ನಾಲ್ಕಕ್ಕೆ ಗಂಟೆ ಬಾರಿಸಿ ನಡೆದು ಬರುವಾಗ ಏಳು. ಆರರಿಂದ ಏಳರವರೆಗೆ ಅಕ್ಕನ ಹೊಟ್ಟೆಗೆ ಒಂದು ಹನಿ ಇಲ್ಲ. ಎರಡು ತಿಂಗಳಲ್ಲಿ ಅಕ್ಕನ ಬಳೆ ಮೊಣಕೈವರೆಗೆ ಜಾರತೊಡಗಿತು.

ಒಂದು ಭಾನುವಾರ ಮಾಷ್ಟ್ರು ಅಂಗಡಿಗೆ ಬಂದರು. ನಾನು ಚಕ್ರದ ಹಿಂದೆ ಕೂತದ್ದು ಉಪಯೋಗಕ್ಕೆ ಬರಲಿಲ್ಲ.

"ಕಲೀಲಿಕ್ಕೆ ಬಂದಿದ್ದೇನೆ ಮಾರಾಯ. ಹಾಜರಿ ಪಟ್ಟಿಯಲ್ಲಿ ಹೆಸರು ಬರಕೊ."

"ಈ ಪ್ರಾಯದಲ್ಲಾ ಮಾಷ್ಟ್ರೇ?"

"ನಲವತ್ತೇಳು. ಯಾವ ಕ್ಲಾಸಿಗೆ ಸೇರಿಸ್ತಿ?"

ಸಮತಟ್ಟಿನಲ್ಲಿ ಅವರು ನಾಲ್ಕು ದಿನದಲ್ಲಿ ಕಲಿತರು. ಬೆಳಿಗ್ಗೆ ಏರುವಾಗ ತಳ್ಳಿಕೊಂಡು ಹೋಗಬಹುದು, ಅದರಲ್ಲೇನೂ ವಿದ್ಯೆ ಇಲ್ಲ. ಬೇಕಾದದ್ದು ಸಂಜೆಯ ಇಳಿತ. ಶಾಲೆಯಿಂದ ನನ್ನ ಅಂಗಡಿಯವರೆಗೆ ಮೂರು ಇಳಿಜಾರುಗಳಿದ್ದವು. ಕೆಳಗಿನದ್ದು, ಅಂಗಡಿಯ ಹತ್ತಿರದ್ದು, ಅಂಗೈ ಓರೆ ಮಾಡಿದಷ್ಟೇ. ಅದಕ್ಕೆ ಅವರು ಒಂದನೇ ಕ್ಲಾಸು ಎಂದು ಹೆಸರಿಟ್ಟರು. ನಡುವಿನದ್ದು ಅರ್ಧ ಮೈಲಿ ಉದ್ದ, ಎರಡು ತಿರುವು, ಎರಡು ಕಡೆಯೂ ಮನೆಗಳು. ಅದು ಐದನೇ ಕ್ಲಾಸು. ಎಲ್ಲಕ್ಕಿಂತ ಮೇಲಿನದ್ದು ಶಾಲೆಯ ಬುಡದಿಂದಲೇ ಶುರು. ಮುರಕಲ್ಲಿನ ಜಲ್ಲಿ, ಒಂದು ಬದಿಗೆ ಕಂದಕದಂಥ ಆಳದ ಕಣಿ. ಅದು ಎಂಟನೇ ಕ್ಲಾಸು, ಪಬ್ಲಿಕ್ ಪರೀಕ್ಷೆ. "ಅದು ನನ್ನ ಹಣೆಯಲ್ಲಿ ಬರೆದದ್ದಲ್ಲ. ಐದನೇದು ಆದರೆ ಸಾಕು. ಅಲ್ಲಿಗೆ ಒಂದೂವರೆ ಗಂಟೆ ಉಳೀತದೆ. ಒಂದು ಗಂಟೆ ಅಂದರೆ ಅವಳಿಗೆ ಒಂದು ಲೋಟ ಗಂಜಿ" ಎಂದರು. ಗಣಿತದ ಪಾಠ ಮಾಡುವಾಗಿನ ಅದೇ ಧ್ವನಿ.

ಅವರಷ್ಟು ಹೆದರುವವರನ್ನು ನಾನು ನೋಡಿಲ್ಲ. ಒಂದನೇ ಕ್ಲಾಸಿನ ನೆತ್ತಿಯಲ್ಲಿ ಸೈಕಲ್ ಹಿಡಿದು ನಿಂತರೆ ಅಂಗಿಯ ಬೆನ್ನು ಒದ್ದೆಯಾಗುತ್ತಿತ್ತು.

"ಮುಂದಿನ ಚಕ್ರ ನೋಡಬೇಡಿ ಮಾಷ್ಟ್ರೇ, ದೂರ ನೋಡಿ."

"ದೂರ ನೋಡಿದರೆ ಎಲ್ಲಿ ಬೀಳುದು ಅಂತ ಕಾಣ್ತದೆ ಮಾರಾಯ."

"ನಮ್ಮ ಮಕ್ಕಳು ಕಾಲು ಮೇಲೆ ಮಾಡಿ ಇಳೀತಾರೆ ಇದರಲ್ಲಿ."

"ಮಕ್ಕಳ ಹೆದರಿಕೆ ಮಕ್ಕಳಷ್ಟೇ ಚಿಕ್ಕದು. ನನ್ನದಕ್ಕೂ ನಲವತ್ತೇಳು ಆಗಿದೆ."

ನಮ್ಮ ಮೀನು ಮಾರುವವರಿಗೆ ಒಂದು ಉಪಾಯ ಗೊತ್ತಿತ್ತು. ಹಿಂದೆ ಮೀನಿನ ಬುಟ್ಟಿಯ ಭಾರ ಇರುವಾಗ ಇಳಿಜಾರಿನಲ್ಲಿ ಬ್ರೇಕು ನಿಲ್ಲುವುದಿಲ್ಲ. ಆಗ ದಾರಿ ಬದಿಯ ಗೇರುಮರದಿಂದ ಎಲೆ ತುಂಬಿದ ಒಂದು ಗೆಲ್ಲು ಕಡಿದು, ಕ್ಯಾರಿಯರಿಗೆ ಹಗ್ಗದಿಂದ ಕಟ್ಟಿ ಎಳೆದುಕೊಂಡು ಇಳಿಯುತ್ತಾರೆ. ಗೆಲ್ಲು ನೆಲಕ್ಕೆ ಉಜ್ಜಿ ಸೈಕಲನ್ನು ಹಿಂದಕ್ಕೆ ಹಿಡಿಯುತ್ತದೆ. ಮಾಷ್ಟ್ರಿಗೂ ಕಟ್ಟಿದೆ. ಸರ್ರನೆ ಧೂಳೆಬ್ಬಿಸುತ್ತಾ ಒಂದನೇ ಕ್ಲಾಸು ಇಳಿದರು. ಕೆಳಗೆ ಬಂದು ಗೆಲ್ಲನ್ನೇ ನೋಡುತ್ತಾ ನಿಂತರು. "ಇದು ಪಕ್ಕದವನ ಸ್ಲೇಟು ನೋಡಿ ಬರೆದ ಹಾಗೆ ಅಲ್ವಾ? ಕಲೀಲಿಕ್ಕೆ ಅಡ್ಡಿ ಇಲ್ಲ. ಪರೀಕ್ಷೆಗೆ ಇದು ಬೇಡ." ಹಾಗೆ ವಾರ ವಾರವೂ ಗೆಲ್ಲು ಚಿಕ್ಕದಾಗುತ್ತಾ ಬಂತು. ಕೊನೆಗೆ ನಾಲ್ಕು ಎಲೆಯ ಒಂದು ಕಡ್ಡಿ. ಅದೂ ಬಿದ್ದ ದಿನ ಒಂದನೇ ಕ್ಲಾಸು ಪಾಸು ಎಂದೆ. ನಾನು ಪಾಸು ಎನ್ನದೆ ಅವರು ಮುಂದಿನ ಇಳಿಜಾರಿನಲ್ಲಿ ಸೀಟು ಹತ್ತುತ್ತಿರಲಿಲ್ಲ.

ಐದನೇ ಕ್ಲಾಸಿಗೆ ಮೂರು ಭಾನುವಾರ ಹೋದೆವು. ಒಂದನೇದರಲ್ಲಿ ಸಾಕಾದ ಧೈರ್ಯ ಅಲ್ಲಿ ಮೊದಲ ತಿರುವಿಗೇ ಮುಗಿಯುತ್ತಿತ್ತು. ಗೆಲ್ಲು ಕಟ್ಟಿದರೂ ತಿರುವಿನಲ್ಲಿ ಮೈ ಕಲ್ಲಾಗಿ, ಹಿಂದಿನ ಬ್ರೇಕು ಒತ್ತಿ ಹಿಡಿದು ಜಾರುವರು. "ಬಿಟ್ಟು ಬಿಟ್ಟು ಹಿಡೀರಿ" ಎಂದು ನಾನು ಹಿಂದಿನಿಂದ ಓಡುತ್ತಾ ಕೂಗುವೆ. ಬೇಲಿಯಾಚೆ ಬೀಡಿ ಕಟ್ಟುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುವರು. ಅವರಲ್ಲಿ ಹೆಚ್ಚಿನವರು ಇವರ ಹತ್ತಿರವೇ ಅ ಆ ಕಲಿತವರು.

ಮೂರನೇ ಭಾನುವಾರ ಗೆಲ್ಲಿಲ್ಲದೆ ಇಳಿದು, ಏದುಸಿರು ಬಿಡುತ್ತಾ, "ಪಾಸಾ?" ಎಂದರು. ಪಾಸು ಅಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಆ ಬೆಳಿಗ್ಗೆ ಉಮ್ಮ, ಅಕ್ಕನನ್ನು ಮಗ್ಗುಲು ಮಾಡುವಾಗ ಮಗುವನ್ನು ಎತ್ತಿದ ಹಾಗಾಯಿತು ಎಂದಿದ್ದಳು.

"ಪಾಸು" ಎಂದೆ.

ಮರುದಿನವೇ ಬಿದ್ದರು. ಎರಡನೇ ತಿರುವಿನಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ದಾರಿ ಬದಿ ನಿಂತು ಕೈಮುಗಿದ. ಮಾಷ್ಟ್ರು ಹ್ಯಾಂಡಲಿನಿಂದ ಎರಡೂ ಕೈ ಎತ್ತಿ ನಮಸ್ಕಾರ ಹೇಳಿದರು. ಸೈಕಲ್ ಚರಂಡಿಗೆ, ಮಾಷ್ಟ್ರು ಬೇಲಿಗೆ. ಎತ್ತಿ ಕೂರಿಸಿದವರ ಹತ್ತಿರ ಮೊದಲು ಕೇಳಿದ್ದು, "ಗಂಟೆ ಎಷ್ಟಾಯ್ತು?" ಎಂದು. ಕುಂಟಿಕೊಂಡು, ಡೊಂಕಾದ ಚಕ್ರ ಎಳೆದುಕೊಂಡು ಮನೆ ಮುಟ್ಟುವಾಗ ಏಳೂವರೆ ದಾಟಿತ್ತು. ಆ ದಿನ ಅಕ್ಕನಿಗೆ ನುಂಗಲು ತ್ರಾಣವೇ ಇರಲಿಲ್ಲ, ಗಂಜಿ ತುಟಿಯ ಬದಿಯಿಂದ ಹೊರಗೆ ಬಂತು ಎಂದು ಉಮ್ಮ ಹೇಳಿದಳು.

ಮರುದಿನ ಮೊಣಕೈಗೆ ಬಟ್ಟೆ ಸುತ್ತಿಕೊಂಡು ಅಂಗಡಿಗೆ ಬಂದರು.

"ನಿಜ ಹೇಳು. ನೀನು ಮಾರ್ಕು ಕೊಟ್ಟದ್ದಾ, ದಾನ ಕೊಟ್ಟದ್ದಾ?"

ನಾನು ಡೊಂಕಾದ ಚಕ್ರ ಬಿಚ್ಚಲು ಕೂತೆ.

"ನಾನು ನಿನಗೆ ಕೊಡಲಿಲ್ಲ, ನೆನಪುಂಟಲ್ಲ? ಮತ್ತೆ ನೀನು ಯಾಕೆ ಕೊಟ್ಟೆ?" ಬಯ್ಗುಳ ಆಗಿದ್ದರೆ ಸಹಿಸಬಹುದಿತ್ತು. ಆ ಧ್ವನಿಯಲ್ಲಿ ಬೇಡುವುದು ಇತ್ತು. "ಇನ್ನೊಂದು ಸಲ ಬಿದ್ದು ಕಾಲು ಮುರಿದರೆ ಅವಳಿಗೆ ಯಾರುಂಟು? ನನ್ನನ್ನು ಫೇಲು ಮಾಡು ಮಾರಾಯ. ಎಷ್ಟು ಸಲ ಬೇಕಾದರೂ ಮಾಡು."

ನನ್ನ ಹೊಟ್ಟೆಯೊಳಗಿದ್ದ ಮೂರು ಮಾರ್ಕಿನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಮಾತು ಬದಲಿಸಲು, "ನೀವು ಕೈ ಬಿಟ್ಟದ್ದು ಯಾಕೆ?" ಎಂದೆ.

"ಅವನು ನಮಸ್ಕಾರ ಹೇಳಿದ."

"ಒಂದು ಕೈಯಲ್ಲಿ ಹೇಳಬಹುದಿತ್ತಲ್ಲ."

"ಒಂದು ಕೈಯಲ್ಲಿ ಮಾಡುದು ಸಲಾಮು."

"ಸಲಾಮೇ ಮಾಡಿ ಮಾಷ್ಟ್ರೇ. ನಮ್ಮವರು ಬೇಡ ಅನ್ನುದಿಲ್ಲ."

ನಕ್ಕರು. ಅಕ್ಕ ಬಿದ್ದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಆ ಒಂದು ಸಲ. ಆದರೆ ಇಪ್ಪತ್ತೈದು ವರ್ಷದ ಅಭ್ಯಾಸಕ್ಕೆ ನಗು ಮದ್ದಲ್ಲ. ಕೈಮುಗಿದವರು ಕಣ್ಣಿಗೆ ಬಿದ್ದರೆ ಅವರ ಕೈ ಅವರ ಮಾತು ಕೇಳುತ್ತಿರಲಿಲ್ಲ. ನಾನು ಯೋಚಿಸಿ, ಐದನೇ ಕ್ಲಾಸಿನ ಇಳಿಜಾರಿನ ಮನೆ ಮನೆಗೆ ಹೋದೆ. ಮಾಷ್ಟ್ರು ಇಳಿಯುವಾಗ ಯಾರೂ ನಮಸ್ಕಾರ ಹೇಳಬಾರದು, ಮುಖವನ್ನೇ ತೋರಿಸಬಾರದು, ಬೆನ್ನು ಹಾಕಿ ನಿಲ್ಲಬೇಕು ಎಂದೆ.

ಬೀಡಿ ಕಟ್ಟುವವರಲ್ಲಿ ಹಿರಿಯಾಕೆಯೊಬ್ಬರು ಮೊರವನ್ನು ಬದಿಗಿಟ್ಟು, "ಮಾಷ್ಟ್ರಿಗೆ ಬೆನ್ನು ಹಾಕುದಾ? ನಮ್ಮನ್ನು ನರಕಕ್ಕೆ ಕಳಿಸ್ಲಿಕ್ಕೆ ಬಂದದ್ದಾ ನೀನು?" ಎಂದರು.

"ನೀವು ಮುಖ ತೋರಿಸಿದರೆ ಅವರು ಚರಂಡಿಗೆ ಹೋಗ್ತಾರೆ. ನಿಮ್ಮ ನರಕ ಆಮೇಲಿನ ವಿಷಯ."

ಚಾದಂಗಡಿಯ ಮುದುಕರು ಗ್ಲಾಸು ತೊಳೆಯುತ್ತಾ, "ಹೌದಪ್ಪ. ಮತ್ತೆ ಅವರು ಇಳಿದದ್ದು ನಮಗೆ ಗೊತ್ತಾಗುದು ಹೇಗೆ?" ಎಂದರು.

ಅದಕ್ಕೂ ಒಂದು ಕ್ರಮ ಆಯಿತು. ಮತ್ತೆ ನಾಲ್ಕು ಭಾನುವಾರ ನಾನು ಅವರನ್ನು ಫೇಲು ಮಾಡಿದೆ. ಐದನೆಯದಕ್ಕೆ ಮಾರ್ಕು ಕೊಟ್ಟೆ. ದಾನ ಅಲ್ಲ, ಮಾರ್ಕು. ಅಲ್ಲಿಂದ ದಿನಾ ಸಂಜೆ ಮೇಲಿನ ತಿರುವಿನಲ್ಲಿ ಗಂಟೆ ಟ್ರಿಣ್ ಎಂದರೆ ಇಳಿಜಾರಿನ ಎರಡೂ ಬದಿಯವರು ಕೆಲಸ ಬಿಟ್ಟೆದ್ದು ದಾರಿಗೆ ಬೆನ್ನು ಹಾಕಿ ನಿಲ್ಲುವರು. ಕಲ್ಲು ಕಡಿಯುವವರು ಗೋಡೆ ನೋಡುವರು, ಹೆಂಗಸರು ಬೇಲಿಯ ದಾಸವಾಳ ನೋಡುವರು. ನಡುವೆ ಮಾಷ್ಟ್ರು ಹಲ್ಲು ಕಚ್ಚಿ, ದೂರ ನೋಡುತ್ತಾ ಇಳಿಯುವರು. ಕೊನೆಯ ಮನೆ ದಾಟಿದ ಮೇಲೆ ಆ ಹಿರಿಯ ಬೀಡಿಯಾಕೆ ಗಟ್ಟಿಯಾಗಿ "ಪಾಸ್ ಮಾಷ್ಟ್ರೇ" ಎನ್ನುವರು. ಆಗ ಎಲ್ಲರೂ ತಿರುಗಿ ಅವರ ಬೆನ್ನಿಗೆ ನಮಸ್ಕಾರ ಹೇಳುವರು. ಹೊಸಬರು ಕಂಡರೆ, ಈ ಊರಿನವರು ಮಾಷ್ಟ್ರಿಗೆ ಎಷ್ಟು ಮರ್ಯಾದೆ ಕೊಡುತ್ತಾರೆ ನೋಡಿ ಎಂದು ಬಯ್ಯುತ್ತಿದ್ದರೋ ಏನೋ. ಐದೂವರೆಗೆ ಸರಿಯಾಗಿ ಮಾಷ್ಟ್ರು ಮನೆ ಮುಟ್ಟುವರು. ಅಕ್ಕ ಬಾಯಿ ತೆರೆಯುವರು. ಬಳೆ ಮಣಿಕಟ್ಟಿಗೆ ಬಾರದಿದ್ದರೂ ಇನ್ನೂ ಮೇಲಕ್ಕೆ ಹೋಗಲಿಲ್ಲ.

ಹೀಗೆ ಎರಡು ವರ್ಷ. ಮಳೆಗಾಲದಲ್ಲಿ ಪಾಚಿಗೆ ಮತ್ತೆ ಗೆಲ್ಲು ಕಟ್ಟುವರು. ಎಂಟನೇ ಕ್ಲಾಸನ್ನು ಮಾತ್ರ ಸೈಕಲ್ ಹಿಡಿದುಕೊಂಡು ನಡೆದೇ ಇಳಿಯುವರು. "ಎಂಟನೇದು ಯಾವಾಗ ಮಾಷ್ಟ್ರೇ? ಇನ್ನೂ ಅರ್ಧ ಗಂಟೆ ಉಳೀತದೆ" ಎಂದು ನಾನು ಕೆಣಕಿದರೆ, "ನನಗೆ ಐದನೇ ಕ್ಲಾಸು ಸಾಕು. ನಿನಗೆ ಸಾಕಾಗಲಿಲ್ಲವಾ?" ಎನ್ನುವರು.

ಆ ದಿನ ಬೆಳಿಗ್ಗೆ ಅಕ್ಕ ಮಾಷ್ಟ್ರ ಕೈಗೂ ಬಾಯಿ ತೆರೆಯಲಿಲ್ಲವಂತೆ. ಅರ್ಧ ಗಂಟೆ ಕಾದು, ಚಮಚವನ್ನು ಉಮ್ಮನ ಕೈಗೆ ಕೊಟ್ಟು, ಬೇಗ ಬರುತ್ತೇನೆ ಎಂದು ಅಕ್ಕನ ಕಿವಿಯ ಹತ್ತಿರ ಹೇಳಿ ಹೋದರಂತೆ. ಹತ್ತು ಗಂಟೆಗೆ ಮೂವತ್ತು ಮಕ್ಕಳು ಬಂದು ಕೂರುತ್ತವೆ. ಇನ್ನೊಬ್ಬ ಮಾಷ್ಟ್ರಿಲ್ಲ.

ಮೂರು ಗಂಟೆಗೆ ಉಮ್ಮ ಅಂಗಡಿಗೆ ಬಂದಳು. ತಲೆಯ ಬಟ್ಟೆ ಜಾರಿದ್ದು ಅವಳಿಗೆ ಗೊತ್ತಿರಲಿಲ್ಲ. "ಹೋದರು ಮೋನೇ. ಬಾಗಿಲು ನೋಡ್ತಾ ಇದ್ದ ಹಾಗೆಯೇ."

ಸೈಕಲ್ ಹತ್ತಿ ಶಾಲೆಗೇ ಹೋಗಿ ಕರೆತರುತ್ತೇನೆ ಎಂದು ಹೊರಟೆ. ಐದನೇ ಕ್ಲಾಸಿನ ನೆತ್ತಿ ತಲುಪುವಾಗ ಕಾಲು ನಿಂತಿತು. ಹೇಳಿದ ಮೇಲೆ ಅವರು ನಡೆದು ಬರುವವರಲ್ಲ. ಸೀಟು ಹತ್ತಿಯೇ ಹತ್ತುತ್ತಾರೆ, ಆ ಮನಸ್ಸಿನಲ್ಲಿ ಇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಬೇಗ ಮುಟ್ಟುವುದು ಅಕ್ಕನಿಗೆ ಇನ್ನು ಬೇಕಾಗಿಯೂ ಇಲ್ಲ. ಚಕ್ರ ಸಮತಟ್ಟಿಗೆ ಬಂದು ನಿಂತ ಮೇಲೆಯೇ ಹೇಳುವುದು ಎಂದು ನಿಶ್ಚಯಿಸಿದೆ. ಇಳಿಜಾರಿನವರಿಗೆಲ್ಲ ಸುದ್ದಿ ಹೇಳಿ, ದಿನದ ಹಾಗೆಯೇ ನಿಲ್ಲಿ, ಏನೂ ತೋರಿಸಬೇಡಿ ಎಂದು ಕೇಳಿಕೊಂಡೆ. ಹಿರಿಯ ಬೀಡಿಯಾಕೆ, "ಬೆನ್ನಲ್ಲಿ ಎಂತ ತೋರ್ತದೆ ಮಗಾ" ಎಂದು ಕಣ್ಣು ಒರೆಸಿಕೊಂಡರು. ನಾನು ಅಂಗಡಿಗೆ ಬಂದು ಐದೂಕಾಲು ಆಗುವುದನ್ನು ಕಾಯುತ್ತಾ ಕೂತೆ.

ಐದಕ್ಕೇ ಅವರು ಕಾಣಿಸಿದರು. ಒಂದನೇ ಕ್ಲಾಸಿನ ಇಳಿಜಾರಿನಲ್ಲಿ, ಮೊದಲ ತಿಂಗಳಿಗೇ ಪಾಸಾದ ಆ ಅಂಗೈಯಷ್ಟು ಓರೆಯಲ್ಲಿ, ಸೈಕಲ್ ಹಿಡಿದುಕೊಂಡು ನಡೆದು ಬರುತ್ತಿದ್ದರು. ಕ್ಯಾರಿಯರಿನ ಹಿಂದೆ ಗೇರಿನ ಒಂದು ದೊಡ್ಡ ಗೆಲ್ಲು ಎಳೆದುಕೊಂಡು ಬರುತ್ತಿತ್ತು. ಎಲೆಯೆಲ್ಲ ಉದುರಿ, ಸಿಪ್ಪೆ ಕಿತ್ತು, ಬರಿಯ ಬಿಳಿ ಕೋಲು ಉಳಿದಿತ್ತು. ಅಷ್ಟು ಸವೆಯಬೇಕಾದರೆ ಎಂಟನೇ ಕ್ಲಾಸೇ ಆಗಬೇಕು. ಅವರ ಹಿಂದೆ, ಒಂದಿಷ್ಟು ದೂರ ಬಿಟ್ಟು, ಇಳಿಜಾರಿನವರೆಲ್ಲ ಬರುತ್ತಿದ್ದರು. ಕಲ್ಲು ಕಡಿಯುವವರು, ಬೀಡಿಯ ಹೆಂಗಸರು, ಹೆಗಲಲ್ಲಿ ಚಾದ ಬಟ್ಟೆ ಹಾಕಿಕೊಂಡ ಮುದುಕರು.

ಅಂಗಡಿಯ ಕಂಬಕ್ಕೆ ಸೈಕಲ್ ಒರಗಿಸಿದರು.

"ಯಾರೂ ಪಾಸ್ ಅನ್ನಲಿಲ್ಲ ಮಾರಾಯ" ಎಂದರು. ಆಮೇಲೆ, "ಎಷ್ಟು ಹೊತ್ತಿಗೆ?" ಎಂದರು.

"ಮೂರಕ್ಕೆ ಮೊದಲು."

"ಮೂರಕ್ಕೆ ಉಕ್ತಲೇಖನ ಕೊಡ್ತಾ ಇದ್ದೆ" ಎಂದರು. ಗೋಡೆಯ ಗಡಿಯಾರ ನೋಡಿದರು. ಎಷ್ಟೋ ದಿನ ಆ ಗಡಿಯಾರವನ್ನು ಅವರು ಹೊಟ್ಟೆಗಿಲ್ಲದವರು ಅನ್ನ ನೋಡುವ ಹಾಗೆ ನೋಡಿದ್ದುಂಟು. ಈಗ ಬೇರೆಯವರ ಮನೆಯದ್ದನ್ನು ನೋಡುವ ಹಾಗೆ ನೋಡಿದರು. "ಎಂಟನೇದರಲ್ಲಿ ಅರ್ಧ ಗಂಟೆ ಉಳೀತದೆ. ನೀನು ಹೇಳಿದ್ದು ಸರಿ."

ಅಷ್ಟರಲ್ಲಿ ಹಿಂದಿನಿಂದ ಬಂದವರು ದಾರಿಯಲ್ಲಿ ನಿಂತರು. ಯಾರೂ ಬೆನ್ನು ಹಾಕಿರಲಿಲ್ಲ. ಎರಡು ವರ್ಷದ ನಂತರ ಮಾಷ್ಟ್ರಿಗೆ ಆ ಮುಖಗಳೆಲ್ಲ ಒಟ್ಟಿಗೆ ಕಂಡವು. ಹಿರಿಯ ಬೀಡಿಯಾಕೆ ಮೊದಲು ಕೈಮುಗಿದರು, ಆಮೇಲೆ ಉಳಿದವರು. ಮಾಷ್ಟ್ರು ಕೊರಳಿನ ಕೊಡೆ ತೆಗೆದು ನೆಲಕ್ಕಿಟ್ಟರು. ಪುಸ್ತಕದ ಚೀಲ ನೆಲಕ್ಕಿಟ್ಟರು. ಎರಡೂ ಕೈ ಜೋಡಿಸಿ, ತಲೆ ತಗ್ಗಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನಮಸ್ಕಾರ ಹೇಳಿದರು. ಒಬ್ಬರನ್ನೂ ಬಿಡಲಿಲ್ಲ, ಅವಸರ ಮಾಡಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ ಕೈ ಜೋಡಿಸಿದರು. ಬ್ರೇಕು ಹಿಡಿದು ಹಿಡಿದು ಬೆರಳುಗಳು ಸೆಟೆದಿದ್ದವು, ಒಂದಕ್ಕೊಂದು ಸರಿಯಾಗಿ ಕೂಡುತ್ತಿರಲಿಲ್ಲ.